ಬಿಳಿ ಒಂದಕ್ಕಿಂತ ಕೆಳಗಿನ ಮದ್ದಳೆ

ಗಣಪತಿ ಹಬ್ಬಕ್ಕೆ ಮುಂಚಿನ ತಿಂಗಳಲ್ಲಿ ಕಲ್ಯಾಣದಲ್ಲಿ ಚರ್ಮವಾದ್ಯ ಕಟ್ಟುವ ನನ್ನ ಅಂಗಡಿಗೆ ಯಾರಾದರೂ ಮದ್ದಳೆ ಹೊತ್ತುಕೊಂಡು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ವರ್ಷವಿಡೀ ಎಲ್ಲಿದ್ದಿರಿ ಮಾರಾಯರೇ ಎಂದು ಕೇಳಬೇಕೆನಿಸುತ್ತದೆ. ಆಗ ಅಂಗಡಿಯೊಳಗೆ ಕಾಲಿಡಲು ಜಾಗವಿರುವುದಿಲ್ಲ. ಮೆರವಣಿಗೆಯಲ್ಲಿ ಢೋಲು ಬಾರಿಸುವ ತಂಡಗಳಿಗೆ ಇಲ್ಲಿ ಪಥಕ ಎನ್ನುತ್ತಾರೆ. ಆ ಪಥಕಗಳ ಢೋಲುಗಳು ಒಂದರ ಮೇಲೊಂದು ಕುಳಿತು ಫುಟ್‌ಪಾತಿನ ತನಕ ಹರಿದಿರುತ್ತವೆ. ಹುಡುಗರು ಬಂದು ಬಂದು "ತಾಈ, ಝಾಲಾ ಕಾ?", ಅಕ್ಕಾ ಆಯಿತಾ, ಎಂದು ತಲೆ ತಿನ್ನುತ್ತಾರೆ. ಆಗಿದ್ದರೆ ನಾನೇ ಬಾರಿಸಿ ತೋರಿಸುತ್ತಿದ್ದೆ, ಹೋಗು ಎಂದು ನಾನೂ ಮರಾಠಿಯಲ್ಲೇ ಗದರಿಸಿ ಕಳಿಸುತ್ತೇನೆ.

ಅಂಥದೇ ಒಂದು ಮಧ್ಯಾಹ್ನ ಕೊಡೆ ಮಡಚುತ್ತಾ ಭಾಗವತರು ಮೆಟ್ಟಿಲು ಹತ್ತಿದರು. ಯಕ್ಷಗಾನದಲ್ಲಿ ಪದ್ಯ ಹಾಡಿ ಇಡೀ ಆಟವನ್ನು ನಡೆಸುವವರು ಭಾಗವತರು. ಇವರು ಡೊಂಬಿವಲಿಯ ನಮ್ಮ ಸಂಘದಲ್ಲಿ ನಾನು ಫ್ರಾಕ್ ತೊಡುತ್ತಿದ್ದ ಕಾಲದಿಂದ ಹಾಡುತ್ತಿದ್ದವರು. ವಾರವಿಡೀ ಠಾಣೆಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ರಜೆಯ ದಿನ ಜಾಗಟೆ ಹಿಡಿದರೆಂದರೆ ಕೊನೆಯ ಸಾಲಿನಲ್ಲಿ ಮಲಗಿದ ಮಗುವೂ ಎದ್ದು ಕೂರಬೇಕು, ಅಂಥ ಸ್ವರ. ಕಾಯಿಲೆ ಬಿದ್ದು ಎದ್ದ ಮೇಲೆ ಈಗ ಅಂಗಿ ಮೈಮೇಲೆ ಜೋಲುತ್ತಿತ್ತು. ಅವರ ಹಿಂದೆ ಮದ್ದಳೆಗಾರ. ಅಂಬರನಾಥದ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ನನಗಿಂತ ಕಿರಿಯ, ನನ್ನನ್ನು ಅಕ್ಕ ಎನ್ನುವವ. ಅವನ ಹೆಗಲ ಮೇಲೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಮದ್ದಳೆ.

"ಮಗಾ, ಒಂದು ಕೆಲಸ ಉಂಟು. ಇಲ್ಲ ಅಂತ ಹೇಳ್ಬೇಡ" ಎಂದರು ಭಾಗವತರು.

"ಇಲ್ಲ ಅಂತ ಹೇಳ್ಲಿಕ್ಕೇ ಕೂತದ್ದು ನಾನು. ಈ ರಾಶಿ ನೋಡಿ ನೀವು."

"ಹಾಗಾದ್ರೆ ಮೊದ್ಲು ಚಾ ಕುಡಿಸು. ಆಮೇಲೆ ಇಲ್ಲ ಹೇಳುವಿಯಂತೆ."

ಚಾ ಬಂತು. ಚಾ ಕುಡಿದು ಮುಗಿಯುವುದರೊಳಗೆ ನಾನು ಸಿಕ್ಕಿಬಿದ್ದಿದ್ದೆ.

ಹಬ್ಬಕ್ಕೆ ಮುಂಚಿನ ಆದಿತ್ಯವಾರ ಡೊಂಬಿವಲಿಯ ಸಭಾಗೃಹದಲ್ಲಿ ಸಂಘದ ತಾಳಮದ್ದಳೆ ಇತ್ತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಅರ್ಥ ಹೇಳುವವರು ಕೂತು ಮಾತಾಡುತ್ತಾರೆ. ತಾಳ ಮತ್ತು ಮದ್ದಳೆ ಇದ್ದರೆ ಸಾಕು, ಆಟ ಎದ್ದು ನಿಲ್ಲುತ್ತದೆ. ಅದಕ್ಕೇ ಆ ಹೆಸರು. ಅಲ್ಲಿ ಒಮ್ಮೆ, ಕೊನೆಯದಾಗಿ ಒಮ್ಮೆ, ತಾವು ಹಾಡಬೇಕು ಎಂದು ಭಾಗವತರ ಆಸೆ. ಸಂಘದವರ ಆಲೋಚನೆ ಬೇರೆ. ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ಎದುರಿನ ಸಾಲಿನಲ್ಲಿ ಕೂರಿಸಿ, ಹಾಡುವ ಕೆಲಸ ಸಂಘದಲ್ಲಿ ಈಗ ಹಾಡುವ ಚಿಕ್ಕ ಭಾಗವತರಿಗೆ ಬಿಡುವುದು.

"ನಾನೆಂತ ಗೊಂಬೆಯಾ, ಶಾಲು ಹೊದ್ದು ಕೂರ್ಲಿಕ್ಕೆ?" ಎಂದರು ಅವರು. "ಹಾಡ್ತೇನೆ. ಆದ್ರೆ ಈಗಿನ ಮದ್ದಳೆಗಳು ನಂಗೆ ಆಗುದಿಲ್ಲ."

ಅದು ನಿಜ. ಶ್ರುತಿಯನ್ನು ನಾವು ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ. ಪ್ರಾಯದಲ್ಲಿ ಅವರದು ಕಪ್ಪು ಎರಡು, ಎತ್ತರದ ಶ್ರುತಿ. ಈಗ ಬಿಳಿ ಒಂದಕ್ಕೆ ಇಳಿದಿದೆ ಎಂದು ಅವರೇ ಹೇಳಿಕೊಂಡರು. ಈಗಿನವರ ಮದ್ದಳೆಗಳೆಲ್ಲ ಏರು ಶ್ರುತಿಗೆ ಕಟ್ಟಿದ, ಸಣ್ಣ ಬಾಯಿಯವು. ಅವನ್ನು ಅಷ್ಟು ಸಡಿಲಿಸಿದರೆ ಒದ್ದೆ ರಟ್ಟಿನ ಪೆಟ್ಟಿಗೆ ತಟ್ಟಿದ ಹಾಗೆ ಕೇಳುತ್ತದೆ. ಮದ್ದಳೆಗಾರ ತಂದಿದ್ದದ್ದು ಅಗಲ ಬಾಯಿಯ ಹಳೇ ಮದ್ದಳೆ. ಅದು ಭಾಗವತರ ಜೊತೆಗಾರನದು. ಅದೇ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದ, ಭಾಗವತರ ಪದ್ಯಕ್ಕೆ ಬದುಕಿಡೀ ಮದ್ದಳೆ ಬಾರಿಸಿದ ಮನುಷ್ಯ, ಈಗಿಲ್ಲ. ಫ್ಲಾಟುಗಳ ಒಳಗೆ ಅಕ್ಕಪಕ್ಕದವರು ಬೈಯದ ಹಾಗೆ ತಗ್ಗಿಸಿ ಹಾಡುವಾಗ ಇದನ್ನು ಬಾರಿಸುತ್ತಿದ್ದರಂತೆ.

"ಬಿಳಿ ಒಂದಕ್ಕೆ ಕೂರಿಸಿ ಕೊಡು. ಅದಕ್ಕಿಂತ ಕೆಳಗೆ ಬೇಡ" ಎಂದು ಭಾಗವತರು ಬೆರಳೆತ್ತಿದರು. "ಬಿಳಿ ಒಂದಕ್ಕಿಂತ ಕೆಳಗೆ ಹಾಡಿದ್ರೆ ಅದು ಹಾಡಲ್ಲ, ಗೊಣಗಾಟ. ಅಂಥಾ ದಿನ ಬಂದ್ರೆ ಜಾಗಟೆ ಕೆಳಗಿಟ್ಟು ಎದ್ದು ಹೋಗ್ತೇನೆ. ನೀವಿಬ್ರೂ ಸಾಕ್ಷಿ."

ಅವರು ಹೋದ ಸ್ವಲ್ಪ ಹೊತ್ತಿಗೆ ಸಂಘದ ಕಾರ್ಯದರ್ಶಿಯ ಫೋನು. ಹಿಂದೆ ಹಾರ್ನುಗಳ ಗಲಾಟೆ. ಅವರು ಯಾವಾಗ ಫೋನ್ ಮಾಡಿದರೂ ಮಾಜಿವಾಡಾದ ಟ್ರಾಫಿಕ್‌ನಲ್ಲೇ ಇರುತ್ತಾರೆ.

"ಅಕ್ಕಾ, ನೀವು ಆ ಮದ್ದಳೆಗೆಲ್ಲ ಮಂಡೆಬಿಸಿ ಮಾಡ್ಬೇಡಿ. ಅವರ ಗಂಟಲು ನಿಲ್ಲುದಿಲ್ಲ. ಸಭೆಯಲ್ಲಿ ಮರ್ಯಾದೆ ಹೋಗ್ತದೆ. ಮದ್ದಳೆ ಆಗ್ಲಿಲ್ಲ ಅಂತ ಹೇಳಿಬಿಡಿ, ಎಲ್ರಿಗೂ ಸುಲಭ."

ಅವರು ಕೆಟ್ಟವರಲ್ಲ. ಭಾಗವತರ ಮೇಲಿನ ಪ್ರೀತಿಯಿಂದಲೇ ಹೇಳಿದ್ದರು. ಆದರೂ ನನಗೆ ಸಿಟ್ಟು ನೆತ್ತಿಗೇರಿತು. ಕೆಲಸ ಗೊತ್ತಿದ್ದೂ ಆಗಲಿಲ್ಲ ಎಂದು ಸುಳ್ಳು ಹೇಳಬೇಕೇ? "ನಿಮ್ಮ ಸಿಗ್ನಲ್ ಬಿಟ್ಟಿತು ನೋಡಿ, ಮುಂದೆ ಹೋಗಿ" ಎಂದು ಫೋನಿಟ್ಟೆ.

ಬೆಡ್‌ಶೀಟು ಬಿಚ್ಚಿ ನೋಡಿದರೆ ಅಯ್ಯೋ ದೇವರೇ! ಬಲಗಡೆಯ ಮುಚ್ಚಿಗೆ, ಅಂದರೆ ಬಾಯಿಗೆ ಬಿಗಿದ ಚರ್ಮ, ಹರಿದು ನೇತಾಡುತ್ತಿತ್ತು. ಎಡಗಡೆಯದನ್ನು ಇಲಿ ತಿಂದಿತ್ತು. ಹಲಸಿನ ಮರದ ಮೈಯಲ್ಲಿ ಹುಳ ಕೊರೆದ ತೂತುಗಳು; ತಟ್ಟಿದರೆ ಹಿಟ್ಟಿನಂತೆ ಹುಡಿ ಉದುರಿತು. ಬಲ ಬಾಯಿಯ ಅಂಚಿನಲ್ಲಿ ಬೆರಳುದ್ದದ ಬಿರುಕು. ಆದರೆ ಖಾಲಿ ಮರವನ್ನು ಕಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ತಟ್ಟಿದಾಗ ಒಳಗಿನಿಂದ ಒಂದು ತುಂಬಿದ ಸದ್ದು ಬಂತು. ಮರ ಸತ್ತಿರಲಿಲ್ಲ. ಇನ್ನು ನಾನು ಬಿಡುವ ಹಾಗಿರಲಿಲ್ಲ.

ಮೊದಲು ಹುಳದ ಕೆಲಸ. ತೂತುಗಳಿಗೆ ಸೀಮೆಎಣ್ಣೆ ಬಿಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟೆ. ಆಮೇಲೆ ಹಲಸಿನ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತೂತು ಮುಚ್ಚಿದೆ. ಬಿರುಕಿಗೆ ತೆಳುವಾದ ಚಕ್ಕೆ ಇಳಿಸಿ, ಹಗ್ಗದಲ್ಲಿ ಬಿಗಿದು ಒಣಗಲು ಬಿಟ್ಟೆ. ಮುಂಬ್ರಾದಿಂದ ನನಗೆ ಚರ್ಮ ತಂದುಕೊಡುವ ಚಾಚಾ ಒಬ್ಬರಿದ್ದಾರೆ. ಆಡಿನ ಚರ್ಮ ತೆಳುವಾದದ್ದು, ಒಂದೂ ಕಲೆ ಇಲ್ಲದ್ದು ಬೇಕೆಂದೆ. ಅವರು ಚರ್ಮವನ್ನು ಬೆಳಕಿಗೆ ಹಿಡಿದು ತೋರಿಸಿ, "ಇದು ಹಾಡುತ್ತದೆ ಬೇಟೀ, ಇಟ್ಟುಕೋ" ಎಂದು ಹಿಂದಿಯಲ್ಲಿ ಹೇಳಿ ಹೋದರು.

ಚರ್ಮ ನೆನೆಸಿ, ಸುತ್ತು ಕತ್ತರಿಸಿ, ಅಂಚಿಗೆ ಜಡೆ ಹೆಣೆದು, ಎಮ್ಮೆ ಚರ್ಮದ ಬಾರುಗಳಿಂದ ಎರಡೂ ಬಾಯಿಯನ್ನು ಎಳೆದು ಕಟ್ಟುವುದು ಒಂದು ಹಂತ. ಅದಾದ ಮೇಲೆ ಕರಣೆ. ಕಬ್ಬಿಣದ ಕಿಟ್ಟದ ನುಣ್ಣನೆಯ ಹುಡಿಯನ್ನು ಅನ್ನದ ಜೊತೆ ಅರೆದು, ಬಲ ಮುಚ್ಚಿಗೆಯ ನಡುವೆ ತೆಳುವಾಗಿ ಸವರಿ, ನುಣುಪು ಕಲ್ಲಿನಿಂದ ಉಜ್ಜಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಉಜ್ಜುತ್ತಾ ಉಜ್ಜುತ್ತಾ ಅದು ಕಪ್ಪು ಬಿಲ್ಲೆಯಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ. ಆಗಲೇ ಚರ್ಮಕ್ಕೆ ಸ್ವರ ಹುಟ್ಟುವುದು. ಮಳೆಗಾಲದಲ್ಲಿ ಈ ಕೆಲಸ ಮಾಡುವುದೆಂದರೆ ಕರ್ಮ. ಒಣಗುವುದೇ ಇಲ್ಲ. ಮೇಜಿನ ಮೇಲೆ ಬಲ್ಬು ಇಳಿಬಿಟ್ಟು, ಅದರ ಕಾವಿನಲ್ಲಿ ಮದ್ದಳೆಯನ್ನು ಬಾಣಂತಿಯ ಹಾಗೆ ಜೋಪಾನ ಮಾಡಿದೆ.

ಶ್ರುತಿ ಕೆಳಗೆ ಬರಬೇಕಲ್ಲ, ಕರಣೆ ದಪ್ಪ ಮಾಡಿದೆ. ದಪ್ಪವಾದಷ್ಟೂ ಸ್ವರ ಇಳಿಯುತ್ತದೆ. ಫೋನಿನ ಶ್ರುತಿಗೆ ಹಿಡಿದು ನೋಡಿದೆ. ಬಿಳಿ ಒಂದು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡು ಇಬ್ಬರಿಗೂ ಫೋನ್ ಮಾಡಿದೆ.

ಮದ್ದಳೆಗಾರ ಕಾರ್ಖಾನೆಯಿಂದ ನೇರ ಬಂದ. ಕೈ ತೊಳೆದು, ಮದ್ದಳೆ ಮುಟ್ಟಿ ಕಣ್ಣಿಗೊತ್ತಿಕೊಂಡು, ತೊಡೆಯ ಮೇಲಿಟ್ಟು ಬಾರಿಸಿದ. ಗುಂಯ್ಯೆಂದು ಗಂಭೀರ ನಾದ. ಎದುರಿನ ಖಾರದ ತಿಂಡಿಯ ಫರ್ಸಾಣ್ ಅಂಗಡಿಯವನೂ ಕತ್ತೆತ್ತಿ ನೋಡಿದ. ಭಾಗವತರು ಕಣ್ಮುಚ್ಚಿ ಒಂದು ಸಾಲು ಎತ್ತಿಕೊಂಡರು, ಅರ್ಧಕ್ಕೇ ನಿಲ್ಲಿಸಿದರು.

"ಮಗಾ, ಚಂದ ಉಂಟು. ಆದ್ರೆ ಇದು ಪಂಢರಾಪುರಕ್ಕೆ ಹೊರಟಿದೆ."

ನನಗೆ ಅರ್ಥವಾಗಲಿಲ್ಲ. ಮದ್ದಳೆಗಾರ ಮುಖ ತಗ್ಗಿಸಿ ನಗುತ್ತಿದ್ದ.

"ಇದು ಪಖವಾಜ್ ಅಕ್ಕಾ" ಎಂದ. "ಕೇಳಿ, ನಡುವೆ ಹೊಡೆದ್ರೆ ಗುಂಯ್ ಅಂತದೆ. ಅಂಚಿಗೆ ಬಂದ್ರೆ ಸ್ವರವೇ ಇಲ್ಲ. ನಮ್ಮ ಮದ್ದಳೆಗೆ ಎಲ್ಲಿ ಬೆರಳಿಟ್ರೂ ಅದೇ ಸ್ವರ ಬರ್ಬೇಕಲ್ಲ?" ಎಡಗಡೆ ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. "ಇದೆಂತ, ಚಪಾತಿ ಹಿಟ್ಟಾ?"

ಹೌದು, ಗೋಧಿ ಹಿಟ್ಟಿನ ಕಣಕ. ಎಡ ಮುಚ್ಚಿಗೆಯ ಸ್ವರ ತಗ್ಗಿಸಲು ಪಖವಾಜಿಗೆ ಅದನ್ನೇ ಮೆತ್ತುತ್ತಾರೆ. ನಮ್ಮ ಮದ್ದಳೆಗೆ ಅನ್ನ ಮತ್ತು ಬೂದಿ ಕಲಸಿದ ಬೋನ ಮೆತ್ತಬೇಕು. ಪಂಢರಾಪುರಕ್ಕೆ ನಡೆದು ಹೋಗುವ ವಾರಕರಿಗಳ ಭಜನೆಯ ಪಖವಾಜು, ಢೋಲ್ಕಿ, ಇವನ್ನೇ ವರ್ಷಗಟ್ಟಲೆ ಕಟ್ಟಿ ಕಟ್ಟಿ ನನ್ನ ಕೈ ತಾನಾಗಿ ಹಿಟ್ಟಿನ ಡಬ್ಬಿಗೆ ಹೋಗಿತ್ತು. ಕರಣೆಯನ್ನೂ ಕೈ ತನಗೆ ಗೊತ್ತಿದ್ದ ಹಾಗೇ ಹಾಕಿತ್ತು: ಅಗಲಕ್ಕೆ, ಒಂದೇ ದಪ್ಪಕ್ಕೆ. ಮದ್ದಳೆಯ ಕರಣೆ ನಡುವಿನಿಂದ ಅಂಚಿಗೆ ಇಳಿಜಾರಾಗಿ ತೆಳುವಾಗಬೇಕು. ಈ ಕಸುಬು ಹೇಳಿಕೊಟ್ಟ ಅಪ್ಪ ನನಗೆ ಮೊದಲು ಕಲಿಸಿದ್ದೇ ಅದನ್ನು. ಮನೆಯಲ್ಲಿ ಮಕ್ಕಳು ನನಗೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆಂದು ನಾನು ಬೈಯುತ್ತಿರುತ್ತೇನೆ. ನನ್ನ ಕೈ ಯಾವಾಗ ಮರಾಠಿ ಮಾತಾಡಲು ಶುರುಮಾಡಿತೋ ನನಗೇ ಗೊತ್ತಾಗಿರಲಿಲ್ಲ. ನನಗಾದದ್ದು ನಾಚಿಕೆಯಲ್ಲ, ಏನೋ ಕಳೆದುಹೋದ ಹಾಗೆ.

"ಹೋಗ್ಲಿ ಬಿಡು" ಎಂದರು ಭಾಗವತರು. ಎದ್ದು ಕೊಡೆ ಹುಡುಕಿದರು. "ಶಾಲು ಹೊದ್ದುಕೊಳ್ತೇನೆ. ಮಳೆಯಲ್ಲಿ ಬೆಚ್ಚಗಾದ್ರೂ ಇರ್ತದೆ."

ಅದನ್ನು ಅವರು ತಮಾಷೆಗೆ ಹೇಳಿದ್ದು. ಆದರೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

"ಕೂತ್ಕೊಳ್ಳಿ ನೀವು!" ಎಂದು ಗದರಿದೆ. "ಕೊಡೆ ಕೆಳಗಿಡಿ. ಈ ಮುಚ್ಚಿಗೆ ಬಿಚ್ಚಿ ಹೊಸತು ಹಾಕ್ತೇನೆ. ಆದ್ರೆ ದಿನಾ ಮಧ್ಯಾಹ್ನ ನೀವು ಇಲ್ಲಿ ಬಂದು ಕೂರ್ಬೇಕು. ನನ್ನ ಕಿವಿ ನಂಬುದಿಲ್ಲ ನಾನು ಇನ್ನು."

ಹಾಗೆ ಅವರು ದಿನಾ ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಬರತೊಡಗಿದರು. ಮದ್ದಳೆಗಾರ ಶಿಫ್ಟ್ ಬದಲಿಸಿಕೊಂಡು ಬರುತ್ತಿದ್ದ. ಪ್ರತಿ ಪದರ ಒಣಗಿದ ಮೇಲೆ ಅವನು ಬೆರಳಿಟ್ಟು ತಾ, ಧೀಂ ಎಂದು ನುಡಿಸುತ್ತಿದ್ದ. ಅಂಚಿನಲ್ಲಿ ಸ್ವರ ಮಸುಕಾದರೆ ಭಾಗವತರು "ಊಹೂಂ" ಎನ್ನುತ್ತಿದ್ದರು. ನಾನು ಅಲ್ಲಿ ಕೆರೆದು ಮತ್ತೆ ಸವರುತ್ತಿದ್ದೆ. ಪಥಕದ ಹುಡುಗರು ಬಂದರೆ ಭಾಗವತರೇ ತಮ್ಮ ಹೋಟೆಲ್ ಮರಾಠಿಯಲ್ಲಿ "ನಂತರ್ ಯಾ, ತಾಈ ಬಿಝಿ ಆಹೇ" ಎಂದು ಓಡಿಸುತ್ತಿದ್ದರು. ಒಂದು ಪಥಕದವರು ಸಿಟ್ಟಾಗಿ ಢೋಲುಗಳನ್ನು ಬೇರೆ ಅಂಗಡಿಗೆ ಹೊತ್ತೊಯ್ದರು. ಹೋಗಲಿ ಎಂದೆ. ಫುಟ್‌ಪಾತಿನಲ್ಲಾದರೂ ಜಾಗವಾಯಿತು.

ಕಲ್ಲು ಉಜ್ಜುವ ಸದ್ದಿಗೆ ಭಾಗವತರಿಗೆ ಮಾತು ಬರುತ್ತಿತ್ತು. ಊರಲ್ಲಿ ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ನಾಲ್ಕೈದು ಜನ ಸೇರಿ ಮನೆಮನೆಗೆ ಹೋಗಿ ಒಂದು ಸಣ್ಣ ಪ್ರಸಂಗ ಆಡುವುದಿದೆ. ಅದು ಚಿಕ್ಕಮೇಳ. ಅದನ್ನು ಇವರು ಡೊಂಬಿವಲಿಗೆ ತಂದಿದ್ದರು. ಆ ಮಾತು ಬಂದಾಗ ನನ್ನ ಕೈಯಲ್ಲಿದ್ದ ಕಲ್ಲು ನಿಂತಿತು. ನನಗೂ ನೆನಪಿದೆಯಲ್ಲ! ನಮ್ಮ ಚಾಳಿನ ಮೆಟ್ಟಿಲಿನ ಕೆಳಗೆ ಮದ್ದಳೆಯ ಸದ್ದು ಕೇಳಿದರೆ ಅಮ್ಮ ಒಲೆ ಆರಿಸಿ, ನೆಲ ಒರೆಸಿ, ದೀಪ ಹಚ್ಚಿ, ಅಕ್ಕಿ ತೆಂಗಿನಕಾಯಿ ಇಡುತ್ತಿದ್ದಳು. ಒಂದು ಗಂಡುವೇಷ, ಒಂದು ಹೆಣ್ಣುವೇಷ, ಒಂದು ಕೋಣೆಯ ಮನೆ. ಕುಣಿಯುವವರ ಕಿರೀಟ ಫ್ಯಾನಿಗೆ ತಾಗುತ್ತದೆಂದು ಅಪ್ಪ ಫ್ಯಾನು ಆರಿಸುತ್ತಿದ್ದರು. ಬಾಗಿಲಲ್ಲಿ ಮರಾಠಿ, ಗುಜರಾತಿ ಅಕ್ಕಪಕ್ಕದವರೆಲ್ಲ ಕತ್ತು ಚಾಚಿ ನಿಲ್ಲುತ್ತಿದ್ದರು. ಮದ್ದಳೆ ಬಂದು ಹೋದ ಮನೆಗೆ ಒಳ್ಳೆಯದಾಗುತ್ತದೆ ಎಂದು ಅಮ್ಮ ಎಷ್ಟೋ ದಿನ ಹೇಳುತ್ತಿದ್ದಳು. ಆ ದಿನಗಳು ಇನ್ನೊಮ್ಮೆ ಬರಬಾರದೇ ಎಂದು ನನಗೆ ಕಣ್ಣು ತುಂಬಿ ಬಂತು.

"ನಾಲ್ಕನೇ ಮಾಳಿಗೆ, ಲಿಫ್ಟ್ ಇಲ್ಲ" ಎಂದು ಭಾಗವತರು ನಕ್ಕರು. "ಇವನ ಗುರು, ನನ್ನ ಜೊತೆಗಾರ, ಇದೇ ಮದ್ದಳೆ ಹೊಟ್ಟೆಗೆ ಕಟ್ಟಿಕೊಂಡು ಹತ್ತುದು. ಮೇಲೆ ಮುಟ್ಟುವಾಗ ಉಸಿರಿಲ್ಲ. ನಾನು ಹಾಡ್ಲಿಕ್ಕೆ ಬಾಯಿ ತೆರೆದ್ರೆ ಅವ ಕೈಸನ್ನೆ ಮಾಡುದು, ನಿಲ್ಲಿ ಮಾರಾಯ್ರೇ, ಒಂದು ಲೋಟ ನೀರು!"

"ನಮ್ಮ ಅಂಬರನಾಥದ ಶಿವಾಲಯದ ಗೋಡೆಯಲ್ಲಿ ಒಬ್ಬ ವಾದ್ಯದವ ಇದ್ದಾನೆ" ಎಂದ ಮದ್ದಳೆಗಾರ. "ಕಲ್ಲು ಸವೆದುಹೋಗಿದೆ. ಮದ್ದಳೆಯೋ ಬೇರೆ ಎಂತದೋ ಹೇಳ್ಲಿಕ್ಕಾಗುದಿಲ್ಲ. ಆದ್ರೆ ಹೊಟ್ಟೆಗೆ ಕಟ್ಟಿಕೊಂಡದ್ದು ನೋಡಿದ್ರೆ ನಂಗೆ ಗುರುಗಳದೇ ನೆನಪು."

"ಅವನಿಗೂ ನೀರು ಕೊಟ್ಟಿರ್ಲಿಕ್ಕಿಲ್ಲ" ಎಂದರು ಭಾಗವತರು.

ಹಾಗೆ ನಗುತ್ತಾ, ಮಳೆ ನೋಡುತ್ತಾ, ಅವರು ತಮ್ಮಷ್ಟಕ್ಕೆ ಒಂದು ಪದ್ಯ ಗುನುಗತೊಡಗಿದರು. ಚಿಕ್ಕಮೇಳದಲ್ಲಿ ಹಾಡುತ್ತಿದ್ದ ಪದ್ಯವೇ ಇರಬೇಕು. ನಾನು ಉಜ್ಜುವುದನ್ನು ನಿಲ್ಲಿಸಲಿಲ್ಲ, ಆದರೆ ಕಿವಿ ಪೂರ್ತಿ ಅಲ್ಲೇ ಇತ್ತು. ಎಂಥ ಸ್ವರ! ಕಾಯಿಲೆ, ಪ್ರಾಯ ಯಾವುದೂ ಅದನ್ನು ಮುಟ್ಟಿರಲಿಲ್ಲ. ತುಪ್ಪದ ಹಾಗೆ ಜಾರಿ, ಮೇಲಿನ ಸ್ವರವನ್ನೂ ಕಷ್ಟವಿಲ್ಲದೆ ಮುಟ್ಟಿ ಇಳಿಯಿತು. ನಾನು ಮೆಲ್ಲಗೆ ಫೋನಿನ ಶ್ರುತಿ ತೆಗೆದು ಕಿವಿಗೆ ಹಿಡಿದೆ. ಅದು ಬಿಳಿ ಒಂದಲ್ಲ. ಅದಕ್ಕಿಂತ ಒಂದು ಮನೆ ಕೆಳಗೆ, ಚೂರು ಇನ್ನೂ ಕೆಳಗೇ.

ಆಮೇಲೆ ಪರೀಕ್ಷೆಗೆಂದು ಬಿಳಿ ಒಂದಕ್ಕೆ ಹಾಡಿ ಎಂದೆ. ಬೆನ್ನು ನೆಟ್ಟಗೆ ಮಾಡಿ ಹಾಡಿದರು. ಕತ್ತಿನ ನರ ಉಬ್ಬಿತು. ಮೇಲಿನ ಸ್ವರದಲ್ಲಿ ಗಂಟಲು ಒಡೆಯಿತು. ಕೆಮ್ಮಿ, "ಮಳೆಗಾಲದ ಶೀತ" ಎಂದರು. ನಾನೂ ಮದ್ದಳೆಗಾರನೂ ಮುಖ ಮುಖ ನೋಡಿಕೊಂಡೆವು.

ಅವರನ್ನು ಲೋಕಲ್ ಹತ್ತಿಸಿ ಮದ್ದಳೆಗಾರ ತಿರುಗಿ ಬಂದಾಗ ನಾನು ಹೇಳಿದೆ: "ಕೆಳಗೆ ಇಳಿಸುವ. ಅವರ ಸ್ವರ ಎಲ್ಲಿ ಉಂಟೋ ಅಲ್ಲಿಗೆ."

"ಮಂಡೆ ಸರಿ ಉಂಟಾ ಅಕ್ಕಾ ನಿಮ್ದು? ಗೊತ್ತಾದ್ರೆ ಸಭೆಯ ನಡುವೆ ಎದ್ದು ಹೋಗ್ತಾರೆ. ಹೇಳಿದ್ರಲ್ಲ, ಸಾಕ್ಷಿ ಅಂತ ಬೇರೆ ಮಾಡಿದ್ರು ನಮ್ಮನ್ನು."

"ಬಿಳಿ ಒಂದಕ್ಕೆ ಕೂರಿಸಿದ್ರೆ ಸಭೆಯ ನಡುವೆ ಗಂಟಲು ಒಡೀತದೆ. ಯಾವ್ದು ಒಳ್ಳೇದು ನೀನೇ ಹೇಳು."

ಅವನು ಮದ್ದಳೆಯ ಬಾರುಗಳನ್ನು ಎಳೆದೆಳೆದು ನೋಡಿದ.

"ಹೇಳಿಯೇ ಮಾಡುವ ಅವರಿಗೆ" ಎಂದ ಕೊನೆಗೆ.

"ಹೇಳಿದ್ರೆ ಹಾಡ್ತಾರಾ?"

ನನಗೂ ಧೈರ್ಯವಿತ್ತೆಂದು ಹೇಳಲಾರೆ. ಭಾಗವತರ ಕಿವಿ ಎಂಥದೆಂದು ಗೊತ್ತಿದ್ದೂ ಅವರಿಗೆ ಮೋಸ ಮಾಡಲು ಹೊರಟಿದ್ದೆ. ಆದರೆ ಆ ಗುನುಗು ಕೇಳಿದ ಮೇಲೆ ಇನ್ನೊಂದು ದಾರಿ ನನಗೆ ಕಾಣಲಿಲ್ಲ. ಶ್ರುತಿಪೆಟ್ಟಿಗೆ ಅವನ ಕೈಯಲ್ಲೇ ಇರುತ್ತದೆ. ಅದರ ತಿರುಪನ್ನು ಅಷ್ಟಕ್ಕೇ ಇಳಿಸಿಡುವುದು ಅವನ ಕೆಲಸ. ಮದ್ದಳೆ ಇಳಿಸುವುದು ನನ್ನ ಕೆಲಸ.

ಇಳಿಸುವುದೇನು ಬಾರು ಸಡಿಲಿಸಿದ ಹಾಗೆಯೇ? ಸಡಿಲಿಸಿದರೆ ಸ್ವರ ಜೋಲುತ್ತದೆ. ಕರಣೆಯ ಮೇಲೆ ಇನ್ನೂ ಪದರ ಏರಿಸಬೇಕು, ಇಳಿಜಾರು ಕೆಡಬಾರದು. ಏರಿಸಿದೆ. ಮರುದಿನ ನೋಡಿದರೆ ಥಂಡಿಗೆ ಮೇಲಿನ ಪದರ ದೋಸೆಯ ಹಾಗೆ ಎದ್ದು ಬಂದಿತ್ತು. ಆ ಹೊತ್ತು ನಾನು ಆಡಿದ ಮಾತು ಬರೆಯುವಂಥದ್ದಲ್ಲ. ಎದ್ದಷ್ಟನ್ನು ಕೆರೆದು, ಈ ಸಲ ಪದರಗಳನ್ನು ಹಪ್ಪಳಕ್ಕಿಂತ ತೆಳು ಮಾಡಿ, ಒಂದೊಂದನ್ನೂ ಬಿಸಿಯಾಗುವ ತನಕ ಉಜ್ಜಿದೆ. ಅಂಗೈಯ ಚರ್ಮ ಎದ್ದಿತು. ಮಧ್ಯಾಹ್ನ ಭಾಗವತರು ಬಂದಾಗ ಮಾತ್ರ ಮದ್ದಳೆಯ ಮೇಲೆ ಬಟ್ಟೆ ಮುಚ್ಚಿ, "ಒಣಗ್ಲಿಕ್ಕೆ ಇಟ್ಟದ್ದು, ಇನ್ನು ಸಭೆಯಲ್ಲೇ ನೋಡುದು" ಎಂದು ಸಾಗಹಾಕಿದೆ. ಅವರು ತಲೆಯಾಡಿಸಿದರು, ಒತ್ತಾಯಿಸಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಬೋನದ ಪೇಚಾಟ. ಅನ್ನಕ್ಕೆ ತೊಂದರೆಯಿಲ್ಲ, ನಮ್ಮ ಮನೆಯಲ್ಲಿ ಈಗಲೂ ಕುಚ್ಚಲಕ್ಕಿಯೇ. ಬೂದಿ? ಇಡೀ ಕಲ್ಯಾಣ ಡೊಂಬಿವಲಿಯಲ್ಲಿ ಗ್ಯಾಸಿಲ್ಲದ ಮನೆ ಎಲ್ಲಿದೆ? ಊದುಬತ್ತಿಯ ಬೂದಿ ಹಿಡಿಯುವುದಿಲ್ಲ. ಕೊನೆಗೆ ಟೆರೇಸಿನಲ್ಲಿ ತೆಂಗಿನ ಗೆರಟೆ ಸುಟ್ಟೆ. ಸೊಸೈಟಿಯ ವಾಚ್‌ಮನ್ ಓಡಿ ಬಂದು "ಆಗ್ ಲಗೀ ಹೈ ಕ್ಯಾ?" ಎಂದು ಬೆಂಕಿ ಹುಡುಕಿದ. "ಪೂಜಾ ಹೈ" ಎಂದೆ. ಸುಳ್ಳೇನಲ್ಲ.

ಸಭಾಗೃಹ ತುಂಬಿತ್ತು. ಬೆಳ್ಳಿಕೂದಲಿನವರೇ ಹೆಚ್ಚು, ಊರು ಬಿಟ್ಟು ಬಂದು ಹೋಟೆಲುಗಳಲ್ಲಿ ದುಡಿದ ಕಾಲದವರು. ನಾನು ಬದಿಯ ಪರದೆಯ ಹಿಂದೆ ನಿಂತು ಎಡ ಮುಚ್ಚಿಗೆಗೆ ಬೋನ ಮೆತ್ತಿ, ಬಲಗಡೆ ಜಡೆಯ ಮೇಲೆ ಸುತ್ತಿಗೆಯಿಂದ ಒಂದೆರಡು ಸಲ ತಟ್ಟಿ ಕೊಟ್ಟೆ. ಮದ್ದಳೆಗಾರ ಶ್ರುತಿಪೆಟ್ಟಿಗೆ ತಿರುಗಿಸಿದ. ಭಾಗವತರು ಜಾಗಟೆ ಹಿಡಿದು, ಮುಂಡಾಸು ಸರಿಮಾಡಿಕೊಂಡು ಕೂತರು.

ಮೊದಲ ಅಕ್ಷರ ಎತ್ತಿದರು. ನಿಲ್ಲಿಸಿದರು.

ಮೆಲ್ಲಗೆ ಕತ್ತು ತಿರುಗಿಸಿ ಮದ್ದಳೆಗಾರನನ್ನು ನೋಡಿದರು. ಅವನು ಛಾವಣಿ ನೋಡುತ್ತಿದ್ದ. ಪರದೆಯ ಕಡೆಗೆ ನೋಡಿದರು. ನಾನು ಮರೆಗೆ ಸರಿದೆ. ಭಾಗವತರು ಜಾಗಟೆಯನ್ನು ತೊಡೆಯ ಮೇಲೆ ಇಳಿಸಿದರು. ಮುಗಿಯಿತು ಎಂದುಕೊಂಡೆ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮದ್ದಳೆಗಾರನಿಗೆ ಏನು ತೋಚಿತೋ, ಛಾವಣಿ ನೋಡುತ್ತಲೇ ಅಂಚಿನಲ್ಲಿ ಒಂದು ಬೆರಳಿಟ್ಟು ಧೀಂ ಎಂದು ನುಡಿಸಿದ. ಇಡೀ ಸಭೆಗೆ ಅದು ಹರಡಿತು. ಮತ್ತೊಮ್ಮೆ, ನಡುವಿನಿಂದ. ಅದೇ ಸ್ವರ.

ಜಾಗಟೆ ಮೇಲೆದ್ದಿತು. ಭಾಗವತರು ಹಾಡಿದರು.

ಯುದ್ಧಕ್ಕೆ ಹೊರಟ ಮಗನನ್ನು ತಾಯಿ ಬೀಳ್ಕೊಡುವ ಪದ್ಯ ಅದು. ಏರಿಸಿ ಏರಿಸಿ, ಮೇಲಿನ ಸ್ವರದಲ್ಲಿ ನಿಲ್ಲಿಸಿ, ಅಲ್ಲಿಂದ ಮದ್ದಳೆಯ ಕೈಗೆ ಕೊಟ್ಟು, ಮತ್ತೆ ತೆಗೆದುಕೊಂಡರು. ಎಲ್ಲೂ ಒಡೆಯಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಚಿಕ್ಕ ಭಾಗವತರು ಕೈಮುಗಿದು ನಿಂತುಬಿಟ್ಟಿದ್ದರು. ನಾನು ನಾಚಿಕೆಯಿಲ್ಲದೆ ಅತ್ತೆ. ಅಪ್ಪ ಇರಬೇಕಿತ್ತು, ಅಮ್ಮ ಇರಬೇಕಿತ್ತು ಎಂದೆಲ್ಲ ಅನಿಸಿತು.

ಅರ್ಧ ಪ್ರಸಂಗವಾದ ಮೇಲೆ ಜಾಗಟೆಯನ್ನು ಚಿಕ್ಕ ಭಾಗವತರ ಕೈಗಿಟ್ಟು ಅವರೇ ಎದ್ದು ಒಳಗೆ ಬಂದರು. ಮದ್ದಳೆಗಾರನೂ ಹಳೇ ಮದ್ದಳೆ ಎತ್ತಿಕೊಂಡು ಹಿಂದೆಯೇ ಬಂದ. ಹೊರಗೆ ಬೇರೆ ಮದ್ದಳೆ, ಏರು ಶ್ರುತಿ ಶುರುವಾಯಿತು. ಭಾಗವತರು ಕುರ್ಚಿಯಲ್ಲಿ ಕೂತು ನೀರು ಕುಡಿದರು.

"ಎಷ್ಟು ಇಳಿಸಿದ್ದಿ?"

"ಎಂತದು?" ಎಂದೆ.

"ನಾಟಕ ಬೇಡ. ಮೊದಲ ಅಕ್ಷರಕ್ಕೇ ಗೊತ್ತಾಯ್ತು ನಂಗೆ."

ಮದ್ದಳೆಗಾರ ಮೆಲ್ಲಗೆ ನನ್ನ ಹಿಂದೆ ಸರಿದು ನಿಂತ. ನಾನೇ ಕೇಳಿದೆ: "ಹಾಗಾದ್ರೆ ಎದ್ದು ಹೋಗ್ಲಿಲ್ಲ ಯಾಕೆ?"

"ಏಳ್ಲಿಕ್ಕೇ ಹೊರಟದ್ದು. ಅಷ್ಟರಲ್ಲಿ ಇವ ಧೀಂ ಅಂತ ಕೊಟ್ಟ. ಸ್ವರ ತಾನಾಗಿ ಹೋಗಿ ಅದರೊಳಗೆ ಕೂತಿತು. ನಾನೆಂತ ಮಾಡುದು?" ಎಂದರು. ಸ್ವಲ್ಪ ಹೊತ್ತು ಗಂಟಲು ಸವರಿಕೊಂಡರು. "ಗಂಟಲು ನೋಯದ ಹಾಗೆ ಹಾಡಿ ಎಷ್ಟು ಸಮಯ ಆಗಿತ್ತು ಮಗಾ."

ಆಗ ಕಾರ್ಯದರ್ಶಿ ಶಾಲಿನ ಚೀಲ ಹಿಡಿದು ಏದುಸಿರು ಬಿಡುತ್ತಾ ಬಂದರು. "ಮಾಜಿವಾಡಾದಲ್ಲಿ..." ಎಂದು ಶುರುಮಾಡಿದವರು ಭಾಗವತರ ಮುಖ ನೋಡಿ ಅಲ್ಲಿಗೇ ಬಿಟ್ಟರು. ಬಾಗಿಲ ಹೊರಗಿನಿಂದಲೇ ಕೊನೆಯ ಪದ್ಯ ಕೇಳಿದ್ದರಂತೆ. ಶಾಲು ಹೊದಿಸಿದರು, ಭಾಗವತರು ಬೇಡವೆನ್ನಲಿಲ್ಲ. ಮದ್ದಳೆಯನ್ನು ಸಂಘದ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಿಸುತ್ತೇವೆ ಎಂದು ಕಾರ್ಯದರ್ಶಿ ಹೇಳಿದರು.

"ಗಾಜು ಎಂತಕ್ಕೆ? ಇವಳ ಅಂಗಡಿಯಲ್ಲಿರ್ಲಿ" ಎಂದರು ಭಾಗವತರು. ಮದ್ದಳೆಯನ್ನು ನನ್ನ ಕಡೆಗೆ ತಳ್ಳಿದರು. "ಏರಿಸಿ ಹಾಡುವವರಿಗೆ ಊರು ತುಂಬ ಮದ್ದಳೆ ಉಂಟು. ಸ್ವರ ಇಳಿದವರು ಯಾರಾದ್ರೂ ಬಂದ್ರೆ ಇದನ್ನು ಕೊಡು ಮಗಾ. ಎಷ್ಟು ಇಳಿದದ್ದು ಅಂತ ಮಾತ್ರ ಅವರಿಗೆ ಹೇಳ್ಬೇಡ."